ಬ್ಯಾಗು ದೊಡ್ಡದಾದರೆ ಸಾಲದು, ಒಳಗೆ ನೀರು ಬರಬಾರದು



ಕಳೆದ ಜೂನಿನಲ್ಲಿ ನಮ್ಮ ಗುಂಪಿನ ಗೆಳತಿಯೊಬ್ಬಳು ಕೆಲಸದ ಸಂದರ್ಶನಕ್ಕೆ ಮಂಗಳೂರಿಗೆ ಹೋಗಬೇಕಿತ್ತು. ಬೆಳಿಗ್ಗೆ ಸೀತಾಂಗೋಳಿ ಕಡೆಯಿಂದ ಕುಂಬಳೆ ರೈಲು ನಿಲ್ದಾಣಕ್ಕೆ ಸೈಕಲಿನಲ್ಲಿ ಹೊರಟಳು. ಬೆನ್ನಿಗೆ ಹೊಸ ಬ್ಯಾಗು, ಅದರ ಮೇಲೆ ಅಂಗಡಿಯವರು ಉಚಿತವಾಗಿ ಕೊಟ್ಟ ರೈನ್ ಕವರ್. ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಮಂಗಳೂರಿನಲ್ಲಿ ಇಳಿದು ಬ್ಯಾಗು ತೆರೆದಾಗ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಮೂಲ ಪ್ರತಿ ನೆನೆದು ಫೈಲಿಗೆ ಅಂಟಿಕೊಂಡಿತ್ತು. ರೈನ್ ಕವರ್ ಮಾತ್ರ ಬಿಗಿಯಾಗಿ ಕೂತೇ ಇತ್ತು! ನಕಲು ಪ್ರತಿಗಾಗಿ ಅವಳು ಅಲೆದದ್ದು ನಮಗೆಲ್ಲ ಗೊತ್ತು.

ಆಮೇಲೆ ನಮ್ಮಲ್ಲಿ ಸೈಕಲ್ ತುಳಿಯುವವರೆಲ್ಲ ಭಾನುವಾರ ಸಿಕ್ಕಾಗ ಬ್ಯಾಗಿನ ಬಗ್ಗೆಯೇ ಮಾತಾಡತೊಡಗಿದೆವು. ಇದು ಸಣ್ಣ ವಿಷಯವೆಂದು ಕೆಲವರು ನಕ್ಕರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. 18 ವರ್ಷ ತುಂಬದವರಿಗೆ ಬೈಕಿನ ಲೈಸನ್ಸ್ ಇಲ್ಲ, ಒಳರಸ್ತೆಗಳಲ್ಲಿ ಬಸ್ಸು ಕಡಿಮೆ. ಕಾಲೇಜಿಗೆ, ಕೆಲಸಕ್ಕೆ, ರೇಷನ್ ಅಂಗಡಿಗೆ, ಮನೆಯ ಹಿರಿಯರ ಔಷಧಿಗೆ ನಮಗೆ ಸೈಕಲೇ ಗತಿ. ಹೀಗಿರುವಾಗ ಬ್ಯಾಗು ಸಣ್ಣ ವಿಷಯ ಹೇಗಾಗುತ್ತದೆ?

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ನಾವು ಬ್ಯಾಗು ಕೊಳ್ಳುವಾಗ ಎಷ್ಟು ಲೀಟರ್, ಎಷ್ಟು ಜೇಬು, ಯಾವ ಬಣ್ಣ ಎಂದು ನೋಡುತ್ತೇವೆ. ಮೊದಲು ನೋಡಬೇಕಾದ್ದು ಅದರ ಬಾಯಿ ಮತ್ತು ಹೊಲಿಗೆ. ನೀರು ನುಗ್ಗುವುದು ಹೆಚ್ಚಾಗಿ ಅಲ್ಲಿಂದಲೇ.

ರೈನ್ ಕವರ್ ಏಕೆ ಸಾಕಾಗುವುದಿಲ್ಲ? ಅದು ಬ್ಯಾಗಿನ ಹೊರಮೈಯನ್ನು ಮುಚ್ಚುತ್ತದೆ, ಬೆನ್ನಿಗೆ ತಾಗುವ ಭಾಗವನ್ನು ಮುಚ್ಚುವುದಿಲ್ಲ. ಸೈಕಲಿನಲ್ಲಿ ನಾವು ಮುಂದಕ್ಕೆ ಬಾಗಿ ಕೂತಿರುತ್ತೇವೆ. ಕತ್ತಿನಿಂದ ಇಳಿದ ನೀರು ಬೆನ್ನು ಮತ್ತು ಬ್ಯಾಗಿನ ನಡುವೆ ಹರಿದು ಅಲ್ಲಿನ ಸ್ಪಂಜಿನಲ್ಲಿ ನಿಲ್ಲುತ್ತದೆ, ಮೆಲ್ಲಗೆ ಒಳಗೆ ಇಳಿಯುತ್ತದೆ. ಹಿಂದಿನ ಚಕ್ರ ಎರಚುವ ಕೆಸರು ನೀರು ಕೆಳಗಿನಿಂದ ಬರುತ್ತದೆ. ನಮ್ಮ ಅಜ್ಜಂದಿರು ಗದ್ದೆಯಲ್ಲಿ ಗೊರಬೆ ಹಾಕುತ್ತಿದ್ದುದನ್ನು ನೆನಪು ಮಾಡಿಕೊಳ್ಳಿ. ತಲೆಯಿಂದ ಬೆನ್ನಿನ ಕೆಳಗಿನವರೆಗೆ ಒಂದೇ ಹೊದಿಕೆ, ನಡುವೆ ನೀರು ಇಳಿಯಲು ಸಂದು ಇಲ್ಲ. ಬ್ಯಾಗಿಗೂ ಅದೇ ನ್ಯಾಯ.

ಅಂಗಡಿಯಲ್ಲಿ 'ವಾಟರ್ ರೆಸಿಸ್ಟೆಂಟ್' ಮತ್ತು 'ವಾಟರ್‌ಪ್ರೂಫ್' ಎಂಬ ಎರಡು ಮಾತು ಕೇಳುತ್ತೀರಿ. ಮೊದಲನೆಯದು ತುಂತುರು ಮಳೆಯನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಅಷ್ಟೇ. ಚೀಟಿಯ ಮೇಲೆ ಐಪಿಎಕ್ಸ್ 4 ಎಂದಿದ್ದರೆ ಎಲ್ಲ ಕಡೆಯಿಂದ ಬರುವ ಎರಚಲನ್ನು ತಡೆಯುತ್ತದೆ ಎಂದರ್ಥ. ಐಪಿಎಕ್ಸ್ 6 ಎಂದರೆ ರಭಸದ ನೀರಿನ ಧಾರೆಯನ್ನೂ ತಡೆಯುತ್ತದೆ. ನಮ್ಮ ಜುಲೈ ತಿಂಗಳಿಗೆ ಎರಡನೆಯದೇ ಬೇಕು.

ಬಟ್ಟೆ ಟಾರ್ಪಾಲಿನಂತೆ ಪಿವಿಸಿ ಲೇಪನದ್ದೋ ಟಿಪಿಯು ಲೇಪನದ್ದೋ ಆಗಿರಲಿ. ಒಳಗೆ ಕೈ ಹಾಕಿ ಜೋಡಣೆಯನ್ನು ಮುಟ್ಟಿ ನೋಡಿ. ಬಿಸಿಯಿಂದ ಬೆಸೆದ ಜೋಡಣೆಯಲ್ಲಿ ಸೂಜಿ ತೂತು ಇರುವುದಿಲ್ಲ. ಹೊಲಿದದ್ದಾದರೆ ಒಳಗಡೆ ಹೊಲಿಗೆಯ ಮೇಲೆ ಟೇಪು ಅಂಟಿಸಿರಬೇಕು. ಬಾಯಿಗೆ ಜಿಪ್‌ಗಿಂತ ಸುತ್ತಿ ಮಡಿಸುವ ರೀತಿ ಒಳ್ಳೆಯದು. ಆದರೆ ಕನಿಷ್ಠ ಮೂರು ಸುತ್ತು ಮಡಿಸಿ ಕ್ಲಿಪ್ ಹಾಕಬೇಕು. ಗಡಿಬಿಡಿಯಲ್ಲಿ ಒಂದೇ ಸುತ್ತು ಮಡಿಸಿ ಓಡಿದರೆ ಎಂಥ ಬ್ಯಾಗಾದರೂ ಸೋರುತ್ತದೆ.

ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಖಾಲಿ ಬ್ಯಾಗಿನಲ್ಲಿ ಗಾಳಿ ತುಂಬಿಸಿ ಬಾಯಿ ಮಡಿಸಿ ಮುಚ್ಚಿ, ಎದೆಗೆ ಒತ್ತಿ ಹಿಡಿಯಿರಿ. ಬಲೂನಿನಂತೆ ಗಟ್ಟಿಯಾಗಿ ನಿಂತರೆ ಒಳ್ಳೆಯದು. ಎಲ್ಲಿಂದಲೋ ಸುಯ್ಯೆಂದು ಗಾಳಿ ಹೋದರೆ ಅಲ್ಲಿಂದ ನೀರೂ ಬರುತ್ತದೆ. ಅಂಗಡಿಯವರು ಬೇಡ ಎನ್ನಲಾರರು. ಆನ್‌ಲೈನಿನಲ್ಲಿ ತರಿಸಿದವರು ಒಳಗೆ ಹಳೆಯ ಪೇಪರ್ ತುಂಬಿಸಿ ಬಚ್ಚಲಿನ ನಳ್ಳಿಯ ಕೆಳಗೆ ಐದು ನಿಮಿಷ ಇಟ್ಟು ನೋಡಿ. ಹಿಂತಿರುಗಿಸುವ ಅವಧಿ ಮುಗಿಯುವ ಮೊದಲು!

ಇನ್ನು ಎಷ್ಟು ದೊಡ್ಡದು? ಪುಸ್ತಕ, ಊಟದ ಡಬ್ಬಿ, ಒಂದು ಜೊತೆ ಬಟ್ಟೆ, ಲ್ಯಾಪ್‌ಟಾಪ್ ಇಷ್ಟಕ್ಕೆ 20 ರಿಂದ 25 ಲೀಟರ್ ಸಾಕು. ಬರುವಾಗ ಅಂಗಡಿ ಸಾಮಾನನ್ನೂ ತರುವವರಿಗೆ 30 ರಿಂದ 35 ಲೀಟರ್ ಬೇಕು. ಬಾಯಿ ಮಡಿಸಿದಾಗ ಸ್ವಲ್ಪ ಜಾಗ ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇದಕ್ಕಿಂತ ದೊಡ್ಡದು ಬೇಡ ಎಂದೇ ನಮ್ಮ ಅಭಿಪ್ರಾಯ. ಜಾಗ ಇದ್ದರೆ ತುಂಬಿಸುವುದು ನಮ್ಮೆಲ್ಲರ ಅಭ್ಯಾಸ. 2020ರ ಶಾಲಾ ಬ್ಯಾಗ್ ನೀತಿ ಮಕ್ಕಳ ಬ್ಯಾಗಿನ ತೂಕ ದೇಹದ ತೂಕದ ಶೇ. 10ನ್ನು ಮೀರಬಾರದು ಎನ್ನುತ್ತದೆ. 50 ಕಿಲೋ ತೂಗುವವರಿಗೆ ಅದು 5 ಕಿಲೋ. ನಮ್ಮ ಏರು ಇಳಿತದ ರಸ್ತೆಯಲ್ಲಿ ಬೆನ್ನ ಮೇಲೆ 10 ಕಿಲೋ ಕುಚ್ಚಲಕ್ಕಿ ಹೊತ್ತರೆ ಸೈಕಲ್ ಓಲಾಡುತ್ತದೆ. ಒದ್ದೆ ರಸ್ತೆಯ ತಿರುವಿನಲ್ಲಿ ಅದು ಅಪಾಯ.

ಹಾಗಾದರೆ ಅಕ್ಕಿ ಎಲ್ಲಿ? ಕ್ಯಾರಿಯರಿನಲ್ಲಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಹಳೆಯ ಟ್ಯೂಬಿನಿಂದ ಬಿಗಿದರೆ ಭಾರ ಕೆಳಗೆ ಇರುತ್ತದೆ, ಬೆನ್ನಿಗೂ ಹಿತ. ಕಾಗದ, ಫೋನು, ಔಷಧಿ, ಬಟ್ಟೆ ಬೆನ್ನಿನ ಬ್ಯಾಗಿಗೆ. ಎದೆಗೆ ಅಡ್ಡಲಾಗಿ ಕಟ್ಟುವ ಪಟ್ಟಿ ಇರುವ ಬ್ಯಾಗನ್ನೇ ಆರಿಸಿ, ಆಗ ಅದು ಆಚೀಚೆ ಜಾರುವುದಿಲ್ಲ. ಬ್ಯಾಗು ತಲೆಗಿಂತ ಮೇಲೆ ಬಂದರೆ ತಿರುಗಿ ಲಾರಿ ನೋಡುವುದು ಕಷ್ಟ. ಹಿಂದೆ ಬೆಳಕಿಗೆ ಹೊಳೆಯುವ ಪಟ್ಟಿ ಇರಲಿ. ಮಳೆಯ ಮಬ್ಬಿನಲ್ಲಿ ಕಪ್ಪು ಬ್ಯಾಗು ಯಾರಿಗೂ ಕಾಣುವುದಿಲ್ಲ.

ಈ ಬ್ಯಾಗಿಗೂ ದೋಷ ಇದೆ. ಬೆನ್ನು ಬೆವರುತ್ತದೆ. ನೀರು ಒಳಗೆ ಬಿಡದ ಬ್ಯಾಗು ಒಳಗಿನ ತೇವವನ್ನು ಹೊರಗೂ ಬಿಡುವುದಿಲ್ಲ. ಒದ್ದೆ ರೈನ್‌ಕೋಟು ತುರುಕಿ ಮರೆತರೆ ಎರಡೇ ದಿನದಲ್ಲಿ ಮುಗ್ಗಲು ವಾಸನೆ. ರಾತ್ರಿ ಬಾಯಿ ತೆರೆದು ತಲೆಕೆಳಗಾಗಿ ನೇತು ಹಾಕಿ.

ಬೆಲೆಯ ಮಾತೂ ಬೇಕಲ್ಲ? ಇಂಥ ಬ್ಯಾಗು ಸಾಮಾನ್ಯ ಬ್ಯಾಗಿಗಿಂತ ದುಬಾರಿ. ಎಲ್ಲ ಮನೆಯಲ್ಲೂ ಅದಕ್ಕೆ ಹಣ ಇರುವುದಿಲ್ಲ. ಇಲ್ಲದವರು ನಾಚಿಕೊಳ್ಳಬೇಕಾಗಿಲ್ಲ. ಇರುವ ಬ್ಯಾಗಿನ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು, ಸಾಮಾನು ಅದರೊಳಗೆ ಹಾಕಿ, ಬಾಯಿ ತಿರುಚಿ ಮಡಿಸಿ ಕಟ್ಟಿ. ಹೊರಗಿನ ರೈನ್ ಕವರಿಗಿಂತ ಒಳಗಿನ ಈ ಚೀಲ ಹೆಚ್ಚು ಕೆಲಸ ಮಾಡುತ್ತದೆ. ಅಂದು ನಮ್ಮ ಗೆಳತಿಯ ಬ್ಯಾಗಿನಲ್ಲಿ ಇದೊಂದು ಇದ್ದಿದ್ದರೆ ಸಾಕಿತ್ತು.

ಇನ್ನೊಂದು ಸಲಹೆ. ನಮ್ಮ ಒಂದೊಂದು ವಾರ್ಡಿನ ಯುವಜನರು ಸೇರಿ ಒಂದು ಒಳ್ಳೆಯ ಬ್ಯಾಗು ಕೊಂಡರೆ ಹೇಗೆ? ಸಂದರ್ಶನಕ್ಕೆ, ಪರೀಕ್ಷೆಗೆ ಹೋಗುವವರು ಆ ದಿನ ಒಯ್ಯಲಿ. ಉಳಿದ ದಿನ, ಮಕ್ಕಳು ಗಲ್ಫಿನಲ್ಲಿದ್ದು ಒಂಟಿಯಾಗಿರುವ ಅಜ್ಜ ಅಜ್ಜಿಯರಿಗೆ ಔಷಧಿ, ಸಾಮಾನು ತಂದುಕೊಡಲು ಅದೇ ಬ್ಯಾಗು ಓಡಾಡಲಿ. ಜೂನಿನ ಮೊದಲು ತೀರ್ಮಾನಿಸೋಣ. ಭಾನುವಾರ ಸಿಕ್ಕಾಗ ನಿಮಗೇನನ್ನಿಸಿತು ಹೇಳಿ. ನಿಮ್ಮ ಬ್ಯಾಗನ್ನೂ ತನ್ನಿ, ಗಾಳಿ ತುಂಬಿಸಿ ನೋಡೋಣ!