ಶೇಕಡಾ ಲೆಕ್ಕಕ್ಕೆ ಸಿಗದ ನಷ್ಟ: ತಲೆ, ಬೆನ್ನುಹುರಿ ಗಾಯಾಳುಗಳ ಪರಿಹಾರದ ಹಾದಿ

ಬೆಂಗಳೂರು: ರಸ್ತೆ ಅಪಘಾತದಲ್ಲಿ ಮುರಿದ ಕಾಲಿನ ಮೂಳೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಕೂಡಿಕೊಳ್ಳುತ್ತದೆ. ಬೆನ್ನುಹುರಿ ತುಂಡಾದರೆ ಅದನ್ನು ಮತ್ತೆ ಬೆಸೆಯುವ ಚಿಕಿತ್ಸೆ ಇಂದಿಗೂ ಇಲ್ಲ. ತಲೆಗೆ ತೀವ್ರ ಪೆಟ್ಟು ಬಿದ್ದವರ ಜೀವ ಉಳಿದರೂ ನೆನಪು, ಮಾತು, ವಿವೇಚನೆ ಪೂರ್ಣವಾಗಿ ಮರಳದಿರಬಹುದು. ಜೀವನಪರ್ಯಂತದ ಈ ನಷ್ಟವನ್ನು ಕಾನೂನು ಒಂದೇ ಸಲಕ್ಕೆ ಅಳೆಯುತ್ತದೆ ಎಂಬುದೇ ಇಂಥ ಕುಟುಂಬಗಳು ಮೊದಲು ಅರಿಯಬೇಕಾದ ಸಂಗತಿ.

ಗಾಯದ ಸ್ವರೂಪ: ತಲೆಗೆ ಪೆಟ್ಟಾದವರ ಪ್ರಜ್ಞೆಯ ಮಟ್ಟವನ್ನು ವೈದ್ಯರು 'ಗ್ಲಾಸ್ಗೋ ಕೋಮಾ ಸ್ಕೇಲ್'ನಲ್ಲಿ 3ರಿಂದ 15ರವರೆಗೆ ಅಳೆಯುತ್ತಾರೆ. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗಾಯ ತೀವ್ರವೆಂದು ಅರ್ಥ. ಬೆನ್ನುಹುರಿಗೆ ಕುತ್ತಿಗೆಯ ಭಾಗದಲ್ಲಿ ಪೆಟ್ಟಾದರೆ ಕೈಕಾಲುಗಳೆರಡೂ, ಎದೆಯಿಂದ ಕೆಳಗಾದರೆ ಕಾಲುಗಳು ಸ್ವಾಧೀನ ತಪ್ಪಬಹುದು. ಮಲಮೂತ್ರದ ನಿಯಂತ್ರಣ ತಪ್ಪುವುದು, ಹಾಸಿಗೆ ಹುಣ್ಣು, ಮರುಕಳಿಸುವ ಮೂತ್ರದ ಸೋಂಕು ಇವೆಲ್ಲ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಕಾಡುವ ತೊಂದರೆಗಳು.

ಕಾನೂನಿನ ಹಾದಿ: 2025ರ ಮೇ ತಿಂಗಳಲ್ಲಿ ಜಾರಿಯಾದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಡಿ ಅಪಘಾತದ ದಿನದಿಂದ 7 ದಿನಗಳವರೆಗೆ ಗರಿಷ್ಠ 1.5 ಲಕ್ಷ ರೂ. ಚಿಕಿತ್ಸೆಗೆ ಅವಕಾಶವಿದೆ. ಡಿಕ್ಕಿ ಹೊಡೆದು ಪರಾರಿಯಾದ ವಾಹನ ಪತ್ತೆಯಾಗದಿದ್ದರೆ ತೀವ್ರ ಗಾಯಕ್ಕೆ 50 ಸಾವಿರ ರೂ. ಸಿಗುತ್ತದೆ. ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ, ಚಾಲಕನ ತಪ್ಪನ್ನು ಸಾಬೀತುಪಡಿಸದೆಯೇ 2.5 ಲಕ್ಷ ರೂ. ಪಡೆಯಬಹುದು. ಆದರೆ ವಿಮಾ ಕಂಪನಿಯೊಂದಿಗಿನ ಇತ್ಯರ್ಥದಲ್ಲಿ ಈ ಮೊತ್ತವನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯ ಮುಂದಿರುವ ದೊಡ್ಡ ಮೊತ್ತದ ಅರ್ಜಿ ರದ್ದಾಗುತ್ತದೆ. ಜೀವನಪೂರ್ತಿ ಆರೈಕೆ ಬೇಕಾದವರಿಗೆ ಇದು ದುಬಾರಿಯಾದ ಅವಸರ.

ಪೂರ್ಣ ಪರಿಹಾರಕ್ಕೆ 166ನೇ ಕಲಮೇ ದಾರಿ. 2022ರ ಏಪ್ರಿಲ್ 1ರಿಂದ ಇದಕ್ಕೆ 6 ತಿಂಗಳ ಕಾಲಮಿತಿ ಬಂದಿದೆ. ಇದನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ, ವಿಳಂಬದ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ನೀಡಿತು. ಆದರೂ 6 ತಿಂಗಳೊಳಗೆ ಅರ್ಜಿ ಸಲ್ಲಿಸುವುದೇ ಕ್ಷೇಮ.

ಶೇಕಡಾ ಮಾತ್ರವಲ್ಲ: ವೈದ್ಯರು ಬರೆದುಕೊಡುವ ಅಂಗವೈಕಲ್ಯದ ಪ್ರಮಾಣವೇ ದುಡಿಮೆಯ ನಷ್ಟದ ಪ್ರಮಾಣವಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಸ್ಪಷ್ಟಪಡಿಸಿತು. ಹಿಂದೆ ಕರ್ನಾಟಕ ಹೈಕೋರ್ಟ್‌ನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಬರೆದ ಆ ತೀರ್ಪಿನ ಪ್ರಕಾರ, ಒಂದೇ ಬಗೆಯ ಗಾಯ ಗುಮಾಸ್ತನ ಸಂಬಳವನ್ನು ತಟ್ಟದಿರಬಹುದು, ಬಡಗಿಯ ದುಡಿಮೆಯನ್ನೇ ಕಸಿಯಬಹುದು. 2007ರಲ್ಲಿ ತಲೆಗೆ ಪೆಟ್ಟಾಗಿ ಹಾಸಿಗೆ ಹಿಡಿದ 12 ವರ್ಷದ ಬಾಲಕಿಯ ಪ್ರಕರಣದಲ್ಲಿ ಅದೇ ನ್ಯಾಯಾಲಯ 2020ರಲ್ಲಿ ಪರಿಹಾರವನ್ನು 62 ಲಕ್ಷ ರೂ.ಗೂ ಮೇಲಕ್ಕೆ ಏರಿಸಿತು. ಇಬ್ಬರು ಸಹಾಯಕರ ಜೀವನಪರ್ಯಂತದ ವೆಚ್ಚವಾಗಿ 21.60 ಲಕ್ಷ ರೂ. ಅದರಲ್ಲಿ ಸೇರಿತ್ತು.

ಅಂತಿಮ ತೀರ್ಪಿನ ನಂತರ ಹೆಚ್ಚುವರಿ ಚಿಕಿತ್ಸಾ ವೆಚ್ಚಕ್ಕೆ ನ್ಯಾಯಮಂಡಳಿಯಿಂದ ಮತ್ತೊಂದು ಪರಿಹಾರ ಪಡೆಯಲು ಕಾಯ್ದೆಯಲ್ಲಿ ಅವಕಾಶವಿಲ್ಲವೆಂದು 2002ರಲ್ಲೇ ತೀರ್ಮಾನವಾಗಿದೆ. ಆದ್ದರಿಂದ ಎಫ್‌ಐಆರ್, ಸ್ಕ್ಯಾನಿಂಗ್ ವರದಿ, ಡಿಸ್‌ಚಾರ್ಜ್ ಪತ್ರ, ಔಷಧದ ಬಿಲ್ಲು, ಆದಾಯದ ದಾಖಲೆಗಳ ಜತೆಗೆ ಮುಂದಿನ ಆರೈಕೆ, ಫಿಸಿಯೋಥೆರಪಿ, ಗಾಲಿಕುರ್ಚಿಯ ಅಗತ್ಯದ ಬಗ್ಗೆ ವೈದ್ಯರ ಸಾಕ್ಷ್ಯವೂ ಇರಬೇಕು. ವಕೀಲರ ಶುಲ್ಕ ಭರಿಸಲಾಗದ ಅರ್ಹರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ನೆರವು ನೀಡುತ್ತದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಮೇಲ್ಮನವಿಗೆ ಅವಕಾಶವಿಲ್ಲ. ಗಾಯಾಳುವಿನ ಮುಂದಿನ ವರ್ಷಗಳ ಖರ್ಚನ್ನು ಕೂಡಿಸಿ ನೋಡಿದ ಮೇಲಷ್ಟೇ ಸಹಿ ಹಾಕುವುದು ವಿವೇಕ.