ಗೋಡೆಯನ್ನು ದಾಟುವ ನೀರಿನ ಲೆಕ್ಕ

ಮಳೆಗಾಲ ಕಾಲಿಟ್ಟೊಡನೆ ಉಳ್ಳಾಲದಿಂದ ಕಾರವಾರದವರೆಗಿನ ನಮ್ಮ ಕರಾವಳಿಯಿಂದ ಬರುವ ಸುದ್ದಿಗೆ ಒಂದೇ ಧಾಟಿ: ಕಡಲ್ಕೊರೆತ ಆರಂಭವಾಯಿತು, ತೆಂಗಿನ ಮರಗಳು ಉರುಳಿದವು, ಮನೆಗಳು ಅಪಾಯದಲ್ಲಿವೆ, ಲಾರಿಗಳಲ್ಲಿ ಕಲ್ಲು ತರಿಸಿ ಸುರಿಯಲಾಗುತ್ತಿದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಆ ಕಲ್ಲುಗಳು ಮರಳಿನಲ್ಲಿ ಹೂತುಹೋಗಿ, ಹೊಸ ಕಲ್ಲಿನ ಬೇಡಿಕೆ ಏಳುತ್ತದೆ. ಪರಸ್ಥಳಗಳಲ್ಲಿ ಹೋಟೆಲು ಕೆಲಸದಲ್ಲೋ ಗುಮಾಸ್ತಗಿರಿಯಲ್ಲೋ ದುಡಿದು ಊರಿನಲ್ಲೊಂದು ಸೂರು ಕಟ್ಟಿಸಿದ ನಮ್ಮ ವಾಚಕರಲ್ಲಿ ಅನೇಕರಿಗೆ ಇದು ದೂರದ ಸಮಾಚಾರವಲ್ಲ. ಆದುದರಿಂದ ಕಡಲಿಗೆ ಎದುರಾಗಿ ನಿಲ್ಲುವ ಗೋಡೆಯನ್ನು ಯಾವ ಲೆಕ್ಕದ ಮೇಲೆ ಕಟ್ಟತಕ್ಕದ್ದು ಎಂಬುದನ್ನು ವಿಚಾರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ನಮ್ಮ ಕರಾವಳಿಯನ್ನು ಕಲಕಿ, 17ರಂದು ಮುಂಬಯಿಯ ಪಕ್ಕದಿಂದ ಹಾದು, ಅಂದು ರಾತ್ರಿಯೇ ಗುಜರಾತಿನ ನೆಲವನ್ನು ಹೊಕ್ಕಿತು. ಒಂದೇ ಬಿರುಗಾಳಿ ನಮ್ಮವರ ಊರನ್ನೂ, ಅವರು ಉದ್ಯೋಗಕ್ಕಾಗಿ ನೆಲಸಿದ ನಗರವನ್ನೂ ಕೆಲವೇ ದಿನಗಳೊಳಗೆ ಪರೀಕ್ಷಿಸಿತು. ಆದರೆ ಎರಡೂ ಕಡೆಗಳಲ್ಲಿ ಕಡಲಿನ ಸ್ವಭಾವ ಒಂದೇ ಅಲ್ಲ. ಮುಂಬಯಿಯಲ್ಲಿ ದೊಡ್ಡ ಭರತದ ದಿನ ನೀರು ನಾಲ್ಕೂವರೆ ಮೀಟರಿಗೂ ಮೇಲೇರುವುದುಂಟು; ಅಂಥ ದಿನಗಳ ಪಟ್ಟಿಯನ್ನು ಅಲ್ಲಿಯ ಮಹಾನಗರಪಾಲಿಕೆ ಮಳೆಗಾಲಕ್ಕೆ ಮುಂಚೆಯೇ ಪ್ರಕಟಿಸುತ್ತದೆ. ಮಂಗಳೂರಿನಲ್ಲಿ ಭರತ ಇಳಿತಗಳ ಅಂತರ ಅದಕ್ಕಿಂತ ಬಹಳ ಕಡಮೆ. ಅಲ್ಲಿ ನೀರಿನ ಏರಿಕೆಗಿಂತ ಅಲೆಯ ಹೊಡೆತ ಮತ್ತು ಮರಳಿನ ಚಲನೆಗಳೇ ಪ್ರಧಾನ. ಒಂದು ಊರಿನ ಗೋಡೆಯ ನಕ್ಷೆಯನ್ನು ಇನ್ನೊಂದು ಊರಿಗೆ ಹಾಗೆಯೇ ಹೊತ್ತು ತರಲಾಗದು.

ಮೊದಲನೆಯದಾಗಿ ಕಲ್ಲಿನ ತೂಕವನ್ನು ನೋಡೋಣ. ಕಳೆದ ಶತಮಾನದ ಮಧ್ಯಭಾಗದಿಂದ ಇಂಜಿನಿಯರರು ಬಳಸುತ್ತಿರುವ ಹಡ್ಸನ್ ಸೂತ್ರದ ಪ್ರಕಾರ, ಅಲೆಯ ಎತ್ತರ ಎರಡರಷ್ಟಾದರೆ ಅದನ್ನು ತಡೆದುಕೊಳ್ಳಬೇಕಾದ ಕಲ್ಲಿನ ತೂಕ ಎರಡರಷ್ಟಲ್ಲ, ಎಂಟರಷ್ಟಾಗಬೇಕು. ತೀರದ ಬಳಿ ಅಲೆ ಎಷ್ಟು ಎತ್ತರ ಏಳಬಲ್ಲದೆಂಬುದು ಅಲ್ಲಿನ ನೀರಿನ ಆಳವನ್ನು ಅವಲಂಬಿಸಿದೆ. ಆಳ ಕಡಮೆಯಿದ್ದರೆ ದೊಡ್ಡ ಅಲೆ ದೂರದಲ್ಲೇ ಒಡೆದುಹೋಗುತ್ತದೆ. ಗೋಡೆಗೆ ಬಡಿದು ಹಿಂದಿರುಗುವ ಅಲೆಯು ಗೋಡೆಯ ಬುಡದ ಮರಳನ್ನು ಸೆಳೆದೊಯ್ಯುವುದುಂಟು. ಹಾಗಾದಲ್ಲಿ ಆಳ ಹೆಚ್ಚುತ್ತದೆ, ಹೆಚ್ಚಿದ ಆಳದಲ್ಲಿ ಹಿಂದಿಗಿಂತ ದೊಡ್ಡ ಅಲೆ ಗೋಡೆಯ ಬುಡಕ್ಕೇ ಬರುತ್ತದೆ, ನಿನ್ನೆ ಸಾಕಾಗಿದ್ದ ಕಲ್ಲು ಇಂದು ಸಾಲದಾಗುತ್ತದೆ. ಅಡಿಯಲ್ಲಿ ಜಲ್ಲಿಯ ಪದರವನ್ನಾಗಲಿ ಮರಳನ್ನು ಹಿಡಿದಿಡುವ ಬಟ್ಟೆಯನ್ನಾಗಲಿ ಹಾಸದೆ ಬರಿಯ ಮರಳಿನ ಮೇಲೆ ಸುರಿದ ಕಲ್ಲಂತೂ ತಾನಾಗಿಯೇ ಕುಸಿಯುತ್ತದೆ. ಮಳೆಗಾಲದ ನಡುವೆ ಅವಸರದಿಂದ ಸುರಿದ ಕಲ್ಲು ನಿಲ್ಲದೆ ಹೋಗುವುದಕ್ಕೆ ಕಡಲಿನ ಕೋಪವೊಂದನ್ನೇ ಕಾರಣವಾಗಿ ಹೇಳುವುದು ನ್ಯಾಯವಲ್ಲ.

ಎರಡನೆಯದು ಗೋಡೆಯ ಎತ್ತರದ ಪ್ರಶ್ನೆ. ಯಾವ ಅಲೆಯೂ ದಾಟದ ಗೋಡೆಯನ್ನು ಕಟ್ಟುವುದು ಅಸಾಧ್ಯವಲ್ಲದಿದ್ದರೂ, ಅದರ ವೆಚ್ಚ ವಿಪರೀತ. ಅದರ ಹಿಂದೆ ವಾಸಿಸುವವರಿಗೆ ಕಡಲೇ ಕಾಣದು, ಮೀನುಗಾರರಿಗೆ ದೋಣಿ ಎಳೆಯಲು ದಾರಿಯಿರದು. ಆದುದರಿಂದ ಎಷ್ಟು ನೀರು ದಾಟಿದರೆ ಸಹಿಸಬಹುದು ಎಂಬುದನ್ನು ಮೊದಲು ನಿಶ್ಚಯಿಸಿ, ಆಮೇಲೆ ಎತ್ತರವನ್ನು ಗೊತ್ತುಮಾಡುವುದು ಇಂದಿನ ಪದ್ಧತಿ. ಬ್ರಿಟನ್, ನೆದರ್‌ಲ್ಯಾಂಡ್ಸ್, ಜರ್ಮನಿಗಳ ತಜ್ಞರು ಕೂಡಿ 2007ರಲ್ಲಿ ಪ್ರಕಟಿಸಿದ ಯೂರೋಟಾಪ್ ಕೈಪಿಡಿಯಲ್ಲಿ ಈ ಮಿತಿಗಳಿವೆ. ಒಂದು ಮೀಟರು ಉದ್ದದ ಗೋಡೆಯ ಮೇಲಿಂದ ಸರಾಸರಿ ಹತ್ತು ಸೆಕೆಂಡಿಗೆ ಒಂದು ಲೀಟರಿಗಿಂತ ಹೆಚ್ಚು ನೀರು ದಾಟಿದರೆ, ಅಪಾಯವನ್ನು ಅರಿತು ನಡೆಯುವ ಸಾಮಾನ್ಯ ಮನುಷ್ಯನಿಗೂ ಆ ಜಾಗ ಸುರಕ್ಷಿತವಲ್ಲ. ಆದರೆ ಗಟ್ಟಿಯಾಗಿ ಕಲ್ಲುಹಾಸಿದ ರಸ್ತೆಗೆ ಹಾನಿ ತಗಲುವ ಮಿತಿ ಸೆಕೆಂಡಿಗೆ 200 ಲೀಟರು, ಎಂದರೆ ಹೋಟೆಲಿನ ಹಿತ್ತಿಲಲ್ಲಿ ನಿಲ್ಲಿಸುವ ಒಂದು ದೊಡ್ಡ ಪೀಪಾಯಿಯಷ್ಟು.

ಈ ಎರಡು ಅಂಕೆಗಳ ನಡುವೆ ಎರಡು ಸಾವಿರ ಪಟ್ಟು ಅಂತರವಿದೆ. ಗೋಡೆಗೂ ರಸ್ತೆಗೂ ಏನೂ ಆಗದ ದಿನ ಅದರ ಮೇಲೆ ನಿಂತ ಮನುಷ್ಯನ ಪ್ರಾಣ ಹೋಗಬಹುದು. ಮರೀನ್ ಡ್ರೈವಿನ ಬುಡದಲ್ಲಿರುವ ನಾಲ್ಕು ತೋಳಿನ ಕಾಂಕ್ರೀಟಿನ ಟೆಟ್ರಾಪಾಡುಗಳು ಒಂದಕ್ಕೊಂದು ತೊಡರಿಕೊಂಡು, ನಡುವಣ ಸಂದುಗಳಲ್ಲಿ ಅಲೆಯ ಬಲವನ್ನು ಹೀರುತ್ತವೆ. ಅವು ಗೋಡೆಯನ್ನು ಕಾಯುವುದಕ್ಕಾಗಿ ಇವೆಯೇ ಹೊರತು ದೊಡ್ಡ ಭರತದ ದಿನ ಅಲ್ಲಿ ನಿಂತು ಅಲೆಯನ್ನು ನೋಡುವವರನ್ನು ಕಾಯುವುದಕ್ಕಲ್ಲ. ಯಾವುದೇ ಗೋಡೆಯ ವಿಷಯದಲ್ಲಿ ಅದು ಯಾರನ್ನು, ಏನನ್ನು ಕಾಯಲು ಕಟ್ಟಿದ್ದು ಎಂಬುದೇ ಮೊದಲ ಪ್ರಶ್ನೆಯಾಗತಕ್ಕದ್ದು. ರಸ್ತೆಯನ್ನು ಉಳಿಸಲು ಸಾಕಾದ ಗೋಡೆ ರಸ್ತೆಯಂಚಿನ ಗುಡಿಸಲನ್ನು ಉಳಿಸುವುದೆಂದು ನಂಬಲಾಗದು.

ದಾಟಿದ ನೀರು ಎಲ್ಲಿಗೆ ಹೋಗಬೇಕು ಎಂಬುದು ಮೂರನೆಯ ವಿಚಾರ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದು ದಿನದೊಳಗೆ 944 ಮಿಲಿಮೀಟರು ಮಳೆ ಸುರಿದಾಗ, ಕಡಲಿನ ಭರತವೂ ಕೂಡಿಬಂದು ಮಳೆನೀರು ಹೊರಹೋಗಲು ದಾರಿಯಿಲ್ಲದೆ ನಗರ ಮುಳುಗಿದುದನ್ನು ಅಂದು ಅಲ್ಲಿದ್ದವರು ಮರೆಯಲಾರರು. ಮುಂದೆ ಹಾಜಿ ಅಲಿ, ಇರ್ಲಾ ಮೊದಲಾದೆಡೆ ನೀರೆತ್ತುವ ಕೇಂದ್ರಗಳು ಸ್ಥಾಪಿತವಾದುದು ಇದೇ ಪಾಠದಿಂದ. ಕಡಲನ್ನು ಹೊರಗಿಡುವ ಗೋಡೆ ಮಳೆಯನ್ನು ಒಳಗೇ ಕೂಡಿಹಾಕಬಾರದು. 2024ರಲ್ಲಿ ಮೊದಲ ಭಾಗ ತೆರೆದ ಮುಂಬಯಿಯ ಕರಾವಳಿ ರಸ್ತೆಯಂಥ ಹೊಸ ಕಟ್ಟಡಗಳನ್ನೂ, ಊರಿನ ಸಣ್ಣ ತೋಡಿನ ಬಾಯಿಗೆ ಅಡ್ಡಲಾಗಿ ಬೀಳುವ ಕಲ್ಲಿನ ರಾಶಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ನೋಡಬೇಕಾಗಿದೆ.

ನಾಲ್ಕನೆಯ ವಿಚಾರ ನೆರೆಹೊರೆಯದು. ಚೆನ್ನೈಯಲ್ಲಿರುವ ನಮ್ಮವರು ಇದನ್ನು ಕಣ್ಣಾರೆ ಕಂಡಿದ್ದಾರೆ. ಅಂದಿನ ಮದರಾಸಿನಲ್ಲಿ 1876ರಲ್ಲಿ ಬಂದರಿನ ಕೆಲಸ ತೊಡಗಿತು; 1881ರ ಚಂಡಮಾರುತ ಅದರ ಬ್ರೇಕ್‌ವಾಟರುಗಳನ್ನು ಒಡೆದು ಹಾಕಿತು; ಪುನಃ ಕಟ್ಟಲಾಯಿತು. ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತಿದ್ದ ಮರಳು ಬಂದರಿನ ತೋಳಿಗೆ ಸಿಕ್ಕಿ ದಕ್ಷಿಣದಲ್ಲಿ ಮರೀನಾ ಬೀಚಾಗಿ ಹರಡಿತು. ಉತ್ತರದ ರಾಯಪುರಂ ಕಡೆಯ ಮೀನುಗಾರರ ತೀರ ಮರಳಿಲ್ಲದೆ ಸವೆಯಿತು. ಒಬ್ಬರ ವಿಹಾರಸ್ಥಳವಾಗಿ ಬೆಳೆದ ಮರಳು ಇನ್ನೊಬ್ಬರ ಅಂಗಳಕ್ಕೆ ತಲುಪದೆ ಹೋದ ಮರಳು. ಉಳ್ಳಾಲದಲ್ಲಿಯೂ ಅಳಿವೆಬಾಗಿಲಿನ ಬ್ರೇಕ್‌ವಾಟರುಗಳ ಪ್ರಶ್ನೆಯನ್ನು ಬಿಟ್ಟು ಕೊರೆತವನ್ನು ವಿಚಾರಿಸಲಾಗದೆಂದು ಕಂಡುಬಂದುದರಿಂದಲೇ, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಅವುಗಳ ಸುಧಾರಣೆಯೊಡನೆ ಕಡಲಿನೊಳಗೆ ಅಲೆಯ ಬಲವನ್ನು ಮುರಿಯುವ ದಿಬ್ಬಗಳನ್ನು ಕಟ್ಟಿದರು. ಈ ಕ್ರಮ ಸ್ವಾಗತಾರ್ಹವೇ. ಆದರೂ ಅದರ ದಕ್ಷಿಣದ ಉಚ್ಚಿಲ, ಬಟ್ಟಪ್ಪಾಡಿಗಳಿಂದ ಆ ಬಳಿಕವೂ ಕೊರೆತದ ವಾರ್ತೆ ಬಂದಿದೆ. ತೀರವನ್ನು ಗ್ರಾಮ ಗ್ರಾಮವಾಗಿ ತುಂಡರಿಸಿ ಕಾಯಲಾಗದು.

ಇಷ್ಟೆಲ್ಲ ಲೆಕ್ಕ ಬಡ ದೇಶಕ್ಕೆ ದುಬಾರಿ ಎಂಬ ವಾದವನ್ನು ನಾವು ಬಲ್ಲೆವು. 1953ರ ಫೆಬ್ರವರಿ 1ರ ಇರುಳು ನೆದರ್‌ಲ್ಯಾಂಡ್ಸಿನ ಒಡ್ಡುಗಳು ಒಡೆದು 1,836 ಮಂದಿ ಸತ್ತ ಬಳಿಕ, ಆ ದೇಶವು ತನ್ನ ಮುಖ್ಯ ಪ್ರಾಂತಕ್ಕೆ ಹತ್ತು ಸಾವಿರ ವರ್ಷಗಳಲ್ಲಿ ಒಮ್ಮೆ ಮಾತ್ರ ಸಂಭವಿಸಬಹುದಾದ ನೀರಿನ ಮಟ್ಟವನ್ನು ಅಳತೆಯಾಗಿ ಇಟ್ಟುಕೊಂಡಿತು. ಅಷ್ಟು ದೊಡ್ಡ ಅಂಕೆ ನಮಗೆ ನಿಲುಕದಿರಬಹುದು. ಆದರೆ ಯಾವುದಾದರೊಂದು ಅಂಕೆಯನ್ನು ಆರಿಸಿ ಜನರಿಗೆ ತಿಳಿಸುವುದಕ್ಕೆ ಹಣ ಬೇಕಿಲ್ಲ. ಲೆಕ್ಕ ಮಾಡಬಲ್ಲವರಿಗೂ ನಮ್ಮಲ್ಲಿ ಕೊರತೆಯಿಲ್ಲ: ಅಲೆಗಳನ್ನು ಮಾದರಿಯಲ್ಲಿ ಎಬ್ಬಿಸಿ ಪರೀಕ್ಷಿಸುವ, 1916ರಲ್ಲಿ ಆರಂಭವಾದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ಪುಣೆಯ ಸಮೀಪದ ಖಡಕ್‌ವಾಸ್ಲಾದಲ್ಲಿಯೇ ಇದೆ. ಇಪ್ಪತ್ತನೆಯ ಶತಮಾನದ ಆರಂಭದಿಂದ 2018ರವರೆಗೆ ಜಗತ್ತಿನ ಕಡಲಿನ ಮಟ್ಟ ಸುಮಾರು 20 ಸೆಂಟಿಮೀಟರು ಏರಿದೆ, ಏರಿಕೆಯ ವೇಗವೂ ಹೆಚ್ಚಿದೆ. ಹಳೆಯ ಅಳತೆಯನ್ನೇ ನಂಬಿ ಕುಳಿತರೆ ನಾಳೆಯ ಗೋಡೆ ಕಟ್ಟುವಾಗಲೇ ಗಿಡ್ಡವಾಗಿರುತ್ತದೆ.

ಊರಿನ ದೇವಸ್ಥಾನಕ್ಕೂ ಶಾಲೆಗೂ ಇಲ್ಲಿಂದ ಹಣ ಕೂಡಿಸಿ ಕಳುಹಿಸುವ ನಮ್ಮ ಸಂಘಗಳು, ತೀರದ ಪ್ರತಿಯೊಂದು ಕಾಮಗಾರಿಯ ಬಗೆಗೂ ಶಾಸಕರನ್ನೂ ಇಲಾಖೆಯನ್ನೂ ಮೂರು ಮಾತು ಕೇಳಲಿ: ಎಷ್ಟು ಎತ್ತರದ ಅಲೆಗೆಂದು ಇದನ್ನು ಕಟ್ಟಿದ್ದೀರಿ? ದಾಟಿ ಬರುವ ನೀರೆಷ್ಟು, ಅದಕ್ಕೆ ದಾರಿ ಯಾವುದು? ಗೋಡೆ ಮುಗಿಯುವಲ್ಲಿ ಇರುವ ನೆರೆಯವನ ಗತಿಯೇನು? ಈ ಉತ್ತರಗಳನ್ನು ಕಾಮಗಾರಿಯ ಹಲಗೆಯ ಮೇಲೆ, ಗುತ್ತಿಗೆಯ ಮೊತ್ತದ ಪಕ್ಕದಲ್ಲಿಯೇ ಕನ್ನಡದಲ್ಲಿ ಬರೆಯಿಸತಕ್ಕದ್ದು. ಉತ್ತರವಿಲ್ಲದ ಕಾಮಗಾರಿಗೆ ಸುರಿದ ಹಣವೂ ಕಲ್ಲಿನ ಹಿಂದೆಯೇ ಕಡಲಿಗೆ ಹೋಗುವುದೆಂದು ತಿಳಿಯಬೇಕು.