ಗೃಹವಿಚಾರ: ಹಿತ್ತಿಲಿನ ಕಿರುಮನೆ

ಮಗನಾಗಲಿ ಮಗಳಾಗಲಿ ಅಮೆರಿಕಾದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ನೆಲೆಸಿರುವ ಕುಟುಂಬಗಳು ನಮ್ಮ ನಾಡಿನಲ್ಲಿ ಈಗ ವಿರಳವಲ್ಲ. ಅಂಥ ಮಕ್ಕಳಲ್ಲಿ ಕೆಲವರು, "ನಮ್ಮ ಹಿತ್ತಿಲಿನಲ್ಲಿಯೇ ನಿಮಗೊಂದು ಚಿಕ್ಕ ಮನೆಯನ್ನು ಕಟ್ಟಿಸುವೆವು, ಬಂದು ಇರಬಾರದೆ?" ಎಂದು ತಂದೆತಾಯಿಗಳನ್ನು ಕೇಳುವುದುಂಟು. ಕೇಳುವವರ ಪ್ರೀತಿಯಲ್ಲಿ ಸಂದೇಹವಿಲ್ಲ. ಆದರೂ ಉತ್ತರ ಕೊಡುವ ಮೊದಲು ಅಲ್ಲಿಯ ಕಟ್ಟಳೆಗಳನ್ನು ಅರಿತಿರುವುದು ಗೃಹಸ್ಥರಿಗೆ ಉಚಿತ.

ಒಂದು ನಿವೇಶನಕ್ಕೆ ಒಂದೇ ಮನೆ ಎಂಬುದು ಆ ಸಂಸ್ಥಾನದ ಅನೇಕ ಊರುಗಳಲ್ಲಿ ಬಹುಕಾಲ ನಡೆದುಬಂದ ನಿಯಮ. 1982ರ ಕಾಯಿದೆಯೊಂದು ಎರಡನೆಯ ಮನೆಗೆ ದಾರಿ ತೆರೆದಿದ್ದರೂ, ಊರಾಡಳಿತಗಳು ವಿಧಿಸಿದ ಷರತ್ತುಗಳ ದೆಸೆಯಿಂದ ಅದು ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿಯಿತು. ಮನೆಗಳ ಅಭಾವವೂ ಬಾಡಿಗೆಯ ಭಾರವೂ ಮಿತಿಮೀರಿದ ಮೇಲೆ, 2016 ಮತ್ತು 2019ರಲ್ಲಿ ಶಾಸನಸಭೆಯು ಕಾಯಿದೆಯನ್ನು ತಿದ್ದಿ ಊರಾಡಳಿತಗಳ ಸ್ವೇಚ್ಛೆಗೆ ಕಡಿವಾಣ ಹಾಕಿತು. ಇಂಥ ಮನೆಯನ್ನು ಆಡುಮಾತಿನಲ್ಲಿ 'ಗ್ರ್ಯಾನಿ ಫ್ಲ್ಯಾಟ್', ಎಂದರೆ ಅಜ್ಜಿಯ ಮನೆ, ಎನ್ನುವುದುಂಟು.

ಮುಖ್ಯ ನಿಯಮಗಳು ಇವು. ಒಂದು ಕುಟುಂಬದ ಮನೆಯಿರುವ ನಿವೇಶನದಲ್ಲಿ, ಪಕ್ಕದ ಮತ್ತು ಹಿಂದಿನ ಎಲ್ಲೆಗಳಿಂದ 4 ಅಡಿ ಬಿಟ್ಟು, 16 ಅಡಿ ಎತ್ತರವನ್ನು ಮೀರದಂತೆ, 800 ಚದರ ಅಡಿಯೊಳಗಿನ ಬಿಡಿಮನೆಯನ್ನು ಕಟ್ಟಬಯಸಿದರೆ, ನಿವೇಶನ ಚಿಕ್ಕದೆಂಬ ಕಾರಣದಿಂದ ಅನುಮತಿಯನ್ನು ನಿರಾಕರಿಸುವಂತಿಲ್ಲ. ನೆರೆಯವರ ಸಮ್ಮತಿಯಾಗಲಿ ಬಹಿರಂಗ ವಿಚಾರಣೆಯಾಗಲಿ ಬೇಕಿಲ್ಲ. ಅರ್ಜಿಯು ಸಂಪೂರ್ಣವಾಗಿದ್ದರೆ 60 ದಿನಗಳೊಳಗೆ ತೀರ್ಮಾನ ಕೊಡತಕ್ಕದ್ದು. ಮನೆಯು 750 ಚದರ ಅಡಿಗಿಂತ ಚಿಕ್ಕದಾದರೆ ರಸ್ತೆ, ಉದ್ಯಾನ ಮೊದಲಾದವುಗಳಿಗಾಗಿ ವಸೂಲು ಮಾಡುವ ಅಭಿವೃದ್ಧಿ ಶುಲ್ಕವಿಲ್ಲ. ನಕ್ಷೆಯ ಪರಿಶೀಲನೆ, ಪರವಾನಗಿ ಇವುಗಳ ಶುಲ್ಕವಂತೂ ಇದ್ದೇ ಇದೆ. ಇರುವ ಗ್ಯಾರೇಜನ್ನೇ ಮನೆಯಾಗಿ ಮಾರ್ಪಡಿಸಬಹುದು. ಅದಕ್ಕೂ ಪರವಾನಗಿ ಬೇಕು. ಹಿತ್ತಿಲಿಲ್ಲದವರು ಹಿರಿಯ ಮನೆಯ ಗೋಡೆಗಳೊಳಗೆ 500 ಚದರ ಅಡಿಯವರೆಗೆ ಒಂದು ಭಾಗವನ್ನು ಬೇರ್ಪಡಿಸಿಕೊಳ್ಳುವ ಕ್ರಮವೂ ಉಂಟು.

ಈ ಅಳತೆಗಳಿಗಿಂತ ಹಿರಿಯರು ಹೆಚ್ಚಾಗಿ ಗಮನಿಸಬೇಕಾದುದು ಕಿರುಮನೆಯ ಲಕ್ಷಣ. ಮಲಗಲು, ಉಣ್ಣಲು, ಅಡಿಗೆ ಮಾಡಲು, ಸ್ನಾನಶೌಚಗಳಿಗೆ ಶಾಶ್ವತವಾದ ಅನುಕೂಲವಿದ್ದರೆ ಮಾತ್ರ ಕಾಯಿದೆಯು ಅದನ್ನು ಸ್ವತಂತ್ರ ವಾಸದ ಮನೆಯೆಂದು ಎಣಿಸುತ್ತದೆ. ಸೊಸೆಯ ಒಲೆ ಬೇರೆ, ಅತ್ತೆಯ ಒಲೆ ಬೇರೆ ಎಂದರೆ ನಮ್ಮಲ್ಲಿ ಮನೆ ಮುರಿಯಿತೆಂದೇ ಭಾವಿಸುವರು. ಆದರೆ ಮುಂಜಾನೆ ನಾಲ್ಕಕ್ಕೆ ಎದ್ದು ಕಾಫಿ ಕಾಸಿಕೊಳ್ಳುವ ಹಿರಿಯರಿಗೂ, ಇರುಳು ಹನ್ನೊಂದಕ್ಕೆ ಕೆಲಸ ಮುಗಿಸುವ ಮಕ್ಕಳಿಗೂ, ಬೇರೆ ಬಾಗಿಲೂ ಬೇರೆ ಒಲೆಯೂ ಇರುವುದರಿಂದಲೇ ಸೌಹಾರ್ದವು ಉಳಿಯಬಹುದು. ಮೊಮ್ಮಕ್ಕಳು ಹತ್ತು ಹೆಜ್ಜೆಯಲ್ಲಿ ಓಡಿಬರುವಷ್ಟು ಸಮೀಪವಿದ್ದರೆ ಸಾಲದೆ?

ಇನ್ನು ಒಡೆತನದ ಮಾತು. ಕಿರುಮನೆಯನ್ನು ಹಿರಿಯ ಮನೆಯಿಂದ ಬೇರ್ಪಡಿಸಿ ಮಾರುವಂತಿಲ್ಲವೆಂಬುದು ಅಲ್ಲಿಯ ಸಾಮಾನ್ಯ ನಿಯಮ. 2023ರ ಕಾಯಿದೆಯೊಂದು, ಒಪ್ಪಿದ ಊರುಗಳಲ್ಲಿ ಮಾತ್ರ, ಬೇರೆಯಾಗಿ ಮಾರಲು ಅವಕಾಶ ಕೊಟ್ಟಿದೆ. ಎಂದಮೇಲೆ ಇಲ್ಲಿಯ ಮನೆಯನ್ನು ಮಾರಿ ಆ ಹಣದಿಂದ ಅಲ್ಲಿ ಕಿರುಮನೆ ಕಟ್ಟಿಸಿದ ತಂದೆತಾಯಿಗಳಿಗೆ ಆ ಮನೆಯ ಮೇಲೆ ತಾನಾಗಿ ಯಾವ ಹಕ್ಕೂ ಹುಟ್ಟುವುದಿಲ್ಲ. ನೆಲ ಯಾರದೋ ಮನೆಯೂ ಅವರದೇ. ಮಗನಿಗೆ ಕೆಲಸ ತಪ್ಪಿ ಮನೆ ಮಾರಬೇಕಾದೀತು, ದಂಪತಿಗಳು ಬೇರೆಯಾದಾರು. ಆಗ ಹಿತ್ತಿಲಿನ ಹಿರಿಯರು ಎಲ್ಲಿಗೆ ಹೋಗಬೇಕು? ರಿಸರ್ವ್ ಬ್ಯಾಂಕಿನ ನಿಯಮವು ಒಬ್ಬ ನಿವಾಸಿಗೆ ಆರ್ಥಿಕ ವರ್ಷವೊಂದಕ್ಕೆ 2,50,000 ಡಾಲರುಗಳವರೆಗೆ ಹೊರಕ್ಕೆ ಕಳುಹಿಸಲು ಅವಕಾಶ ಕೊಡುವುದು ನಿಜ; ಕಳುಹಿಸಬಹುದೆಂಬ ಮಾತ್ರದಿಂದ ಕಳುಹಿಸಬೇಕೆಂದಾಗದು.

ಸಂದರ್ಶಕರಾಗಿ ಹೋಗುವವರಿಗೆ ಅಲ್ಲಿ ದೊರೆಯುವ ವಾಸವೂ ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳು. ಉಳಿದ ಕಾಲದಲ್ಲಿ ಮನೆ ಬರಿದಾಗಿರುತ್ತದೆ. ಯಾತ್ರಿಕರಿಗೆ ದಿನಬಾಡಿಗೆಗೆ ಕೊಡೋಣವೆಂದರೆ, ಇಂಥ ಮನೆಗಳನ್ನು 30 ದಿನಗಳಿಗಿಂತ ಕಡಿಮೆ ಅವಧಿಗೆ ಕೊಡಬಾರದೆಂಬ ನಿರ್ಬಂಧ ಅನೇಕ ಕಡೆಗಳಲ್ಲಿ ಉಂಟು.

ಹೀಗಿರುವುದರಿಂದ ನಮ್ಮ ಸಲಹೆ ಇಷ್ಟು: ಮಕ್ಕಳು ತಮ್ಮ ನೆಲದಲ್ಲಿ, ತಮ್ಮ ಹಣದಿಂದ, ಪರವಾನಗಿ ಪಡೆದು ಕಟ್ಟಿಸುವುದಾದರೆ ಸಂತೋಷದಿಂದ ಒಪ್ಪಿಕೊಳ್ಳಿರಿ. ಹಿರಿಯರ ಹಣವೂ ಸೇರುವುದಾದರೆ ಅದು ಸಾಲವೋ ದಾನವೋ ಎಂಬುದನ್ನು ಅಲ್ಲಿಯ ವಕೀಲರ ಮೂಲಕ ಮೊದಲೇ ಬರೆಯಿಸಿಡಿರಿ. ಹೆತ್ತವರಿಗೂ ಮಕ್ಕಳಿಗೂ ನಡುವೆ ಪತ್ರವೇಕೆಂದು ಸಂಕೋಚಪಡಬೇಡಿರಿ. ಇಲ್ಲಿಯ ಮನೆಯನ್ನಂತೂ, ಚಿಕ್ಕದಾದರೂ ಹಳೆಯದಾದರೂ, ಉಳಿಸಿಕೊಳ್ಳಿರಿ. ಹಿಂದಿರುಗಲು ಸ್ವಂತ ಮನೆಯುಳ್ಳ ಹಿರಿಯರು ಮಕ್ಕಳ ಹಿತ್ತಿಲಿನಲ್ಲಿ ನಿಶ್ಚಿಂತೆಯಿಂದ ಇರಬಲ್ಲರು.